ಎರಡನೇ ಗೇಟಿನ ಪಕ್ಕದ ಕೋಣೆ

ಹೊಸೂರಿನ ನಮ್ಮ ಕಾರ್ಖಾನೆಯಲ್ಲಿ
ಏಳು ಸಾವಿರ ಜನ, ಮೂರು ಪಾಳಿ,
ಹದಿನಾಲ್ಕು ಸಾವಿರ ಕಿವಿ.
ಲೆಕ್ಕ ಇಡುವವಳು ನಾನು.

ವರ್ಷಕ್ಕೊಮ್ಮೆ ಎಲ್ಲರೂ ಬರಬೇಕು
ಎರಡನೇ ಗೇಟಿನ ಪಕ್ಕದ ಈ ಪೆಟ್ಟಿಗೆಯೊಳಕ್ಕೆ:
ಗೋಡೆಗೆ ಬೂದು ಸ್ಪಂಜು, ಒಂದು ಸ್ಟೂಲು,
ಮೊರದಗಲ ಗಾಜು, ಗಾಜಿನಾಚೆ ನಾನು.
ಶಬ್ದ ಕೇಳಿದರೆ ಬೆರಳೆತ್ತಿ ಎಂದು
ತಮಿಳು, ಹಿಂದಿ, ಇಂಗ್ಲಿಷಿನಲ್ಲಿ ಫಲಕವಿದೆ.
ಕನ್ನಡಕ್ಕೆ ನಾನೇ ಫಲಕ.
ತಳಿಯಿಂದ ಬಂದವರಿಗೆ, ಬಾಗಲೂರಿನವರಿಗೆ
ಬಾಯಲ್ಲೇ ಹೇಳುತ್ತೇನೆ:
ಕೇಳಿಸಿದರೆ ಬೆಟ್ಟೆತ್ತಿ, ಅಷ್ಟು ಸಾಕು.

ನಮ್ಮ ವಿಭಾಗದ ಹೆಸರು ಯೋಗಕ್ಷೇಮ.
ಅಜ್ಜಿಗೆ ಅದು ಕಾಗದದ ಮೊದಲ ಸಾಲು,
ಇತ್ತ ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ್ಗೆ ಬರೆಯುತ್ತಿರಿ.
ಇಲ್ಲಿ ಅದಕ್ಕೊಂದು ನಾಲ್ಕನೇ ಮಹಡಿ, ಒಬ್ಬ ಮುಖ್ಯಸ್ಥೆ, ತಿಂಗಳ ಗುರಿ.
ಸೋಮವಾರ ಬೆನ್ನು, ಮಂಗಳವಾರ ಸಕ್ಕರೆ,
ಬುಧವಾರ ಮನಸ್ಸು, ಹನ್ನೊಂದರಿಂದ ಹನ್ನೆರಡೂವರೆಯವರೆಗೆ.
ಗೇಟಿನಲ್ಲಿ ಮೂರು ಗುಂಡಿಯ ಯಂತ್ರ:
ನಗುವ ಮುಖ, ಸುಮ್ಮನಿರುವ ಮುಖ, ಅಳುವ ಮುಖ.
ಪಾಳಿ ಮುಗಿದವರು ಬಸ್ಸು ತಪ್ಪೀತೆಂದು ಓಡುತ್ತ
ಕೈಗೆ ಹತ್ತಿರದ್ದನ್ನು ಒತ್ತುತ್ತಾರೆ.
ಹತ್ತಿರ ಇಟ್ಟಿರುವುದು ನಗುವನ್ನೇ.

ಸುಳ್ಳು ಹೇಳಬಾರದು, ಒಳ್ಳೆಯದೂ ಆಗಿದೆ.
ಪೇಂಟ್ ಶಾಪಿನ ಎಳಿಲರಸಿಯ ಎದೆಯ ಗಂಟು
ಹುಣಸೆಬೀಜದಷ್ಟಿದ್ದಾಗಲೇ ಇಲ್ಲಿ ಸಿಕ್ಕಿತು.
ಖರ್ಚೆಲ್ಲ ಕಂಪನಿಯದು. ಈಗಲೂ ಹಬ್ಬಕ್ಕೆ
ಸ್ಟೀಲ್ ಡಬ್ಬಿಯಲ್ಲಿ ಸುಂಡಲ್ ತರುತ್ತಾಳೆ.
ನಾಲ್ಕನೇ ಮಹಡಿಯನ್ನು ಗೇಲಿ ಮಾಡಲು
ಅದಕ್ಕೇ ನನಗೆ ಬಾಯಿ ಬರುವುದಿಲ್ಲ.

ಇವತ್ತು ಲಗುಮಪ್ಪ.
ಪ್ರೆಸ್ ಶಾಪು, ಇಪ್ಪತ್ತೆರಡು ವರ್ಷ.
ಆರುನೂರು ಟನ್ನಿನ ಅಚ್ಚು ಬಿದ್ದಾಗಲೆಲ್ಲ
ನೆಲವೇ ಎದ್ದು ಕೂರುವ ಜಾಗ.
ಪ್ರತಿ ವರ್ಷ ಪಾಸು.
ಹೇಗೆಂದು ಈ ಸಲ ಕಂಡೆ:
ಗುಂಡಿ ಒತ್ತುವಾಗ ನನ್ನ ಮೊಣಕೈ ಕೊಂಚ ಏಳುತ್ತದೆ,
ಗಾಜಿನಲ್ಲಿ ಅದು ಎದ್ದಾಗ
ಅವನ ಬೆರಳೂ ಏಳುತ್ತದೆ.
ಒಂಬತ್ತು ವರ್ಷ ನಾನು ಅಳೆದದ್ದು ಅವನ ಕಣ್ಣನ್ನು.

ಕೈಯನ್ನು ಮೇಜಿನಡಿ ಇಟ್ಟೆ.
ಐನೂರು ಹರ್ಟ್ಸ್. ಎತ್ತಿದ.
ಸಾವಿರ. ತಡೆದು ಎತ್ತಿದ.
ನಾಲ್ಕು ಸಾವಿರ, ಮಗಳು 'ಸ' ಅನ್ನುವಾಗಿನ ಸಿಳ್ಳು ಇರುವ ಕಡೆ,
ಬೆರಳು ತೊಡೆಯ ಮೇಲೆ
ಉದುರಿದ ಬೋಲ್ಟಿನ ಹಾಗೆ ಬಿದ್ದಿತ್ತು.

ಬಾಗಿಲು ತೆರೆದೆ. ಏಳಲಿಲ್ಲ.
"ಸಿಸ್ಟರಮ್ಮ, ಈ ಪೆಟ್ಟಿಗೇಲಿ ಕೂತ್ರೆ
ಜೀರುಂಡೆ ಒಂದೇ ಸಮ ಕೂಗ್ತದೆ.
ಅದು ನಿಮ್ದಾ, ನಂದಾ?
ಅದಕ್ಕೂ ಬೆಟ್ಟೆತ್ತಬೇಕಾಗಿತ್ತಾ?"

ನನ್ನ ಫಾರಮಿನಲ್ಲಿ ಜೀರುಂಡೆಗೆ ಕಾಲಂ ಇಲ್ಲ.
ಕೆಂಪು ಗುರುತು ಹಾಕಿದರೆ ಪ್ಯಾಕಿಂಗಿಗೆ ಕಳಿಸುತ್ತಾರೆ:
ಸದ್ದಿಲ್ಲದ ಜಾಗ, ಕುರ್ಚಿ, ಕಿಟಕಿಯಾಚೆ
ಯಾರದೋ ಗುಲಾಬಿ ತೋಟದ ಬಿಳಿ ಪರದೆ.
ಪ್ರೆಸ್ ಭತ್ಯೆ ಮೂರು ಸಾವಿರದ ಇನ್ನೂರು ಮಾತ್ರ ಇಲ್ಲ.
ಹಾಕದಿದ್ದರೆ ಭತ್ಯೆ ಉಳಿಯುತ್ತದೆ,
ಮುಂದಿನ ವರ್ಷಕ್ಕೆ ಕಿವಿ ಎಷ್ಟು ಉಳಿಯುತ್ತದೋ.
ಮಹಡಿಯ ಬೋರ್ಡಿನಲ್ಲಿ ಹಸಿರು ಅಕ್ಷರ,
ಶ್ರವಣ ಹಾನಿ: ಸೊನ್ನೆ.
ಮೂರು ವರ್ಷದಿಂದ ಅಳಿಸಿಲ್ಲ.
ಆ ಸೊನ್ನೆಯಲ್ಲಿ ನನ್ನ ಮೊಣಕೈಯೂ ಇದೆ.

"ನಿಂದೇ, ಲಗುಮಪ್ಪ" ಅಂದೆ.
ತುಟಿ ನೋಡಿ ತಲೆಯಾಡಿಸಿದ.
"ಇನ್ನೈದು ನಿಮಿಷ ಬಿಡಿ.
ಶಾಪಲ್ಲಿ ಅದೂ ಕೇಳಾಕಿಲ್ಲ."

ಬಾಗಿಲು ಮುಚ್ಚಿದೆ. ಹೊರಗೆ ಸಾಲು ಗೊಣಗುತ್ತಿತ್ತು.
ಕೆಂಪು ಪೆನ್ನು ತೆಗೆದು
ಶರಾ ಎಂಬ ಎರಡು ಬೆರಳಗಲದ ಜಾಗದಲ್ಲಿ,
ನಾಲ್ಕನೇ ಮಹಡಿಯಲ್ಲಿ ಯಾರಿಗೂ ಬಾರದ ಕನ್ನಡದಲ್ಲಿ ಬರೆದೆ:
ಇತ್ತ ಕ್ಷೇಮವಿಲ್ಲ. ಜೀರುಂಡೆ ಇದೆ. ಭತ್ಯೆ ಕಡಿಯಬೇಡಿ.
ಆಮೇಲೆ ಅದರ ಕೆಳಗೆ, ಇನ್ನೂ ಸಣ್ಣದಾಗಿ, ಇಂಗ್ಲಿಷಿನಲ್ಲೂ.

ಮುಂದಿನವನು ಧನೇಶ್ವರ ಮುರ್ಮು, ಇಪ್ಪತ್ತಮೂರು ವಯಸ್ಸು,
ಪ್ರೆಸ್ ಶಾಪಿಗೆ ಬಂದು ಹತ್ತು ತಿಂಗಳು.
ಸ್ಟೂಲಿನ ಮೇಲೆ ಕೂತವನೇ
ಗಾಜಿನಲ್ಲಿ ನನ್ನ ಮೊಣಕೈ ಹುಡುಕಿದ.